ಬ್ರೆಕ್ಸಿಟ್ ಆದಮೇಲೆ ಅಲ್ಲಿನ ಮೀನುಗಾರರಿಗೆ ನಿಜಕ್ಕೂ ಏನು ಸಿಕ್ಕಿತು?

ಮಲ್ಪೆ ದಕ್ಕೆ (ಬೆಳಿಗ್ಗೆ 7:40)

ಎಲ್ಲರಿಗೂ ನಮಸ್ಕಾರ. ಮಳೆಗಾಲದ ರಜೆ ನಡೆಯುತ್ತಿದೆ, ಬೋಟುಗಳೆಲ್ಲ ಬಂದರಿನಲ್ಲಿ ಸಾಲಾಗಿ ನಿಂತಿವೆ. ನಿನ್ನೆ ಬಲೆ ರಿಪೇರಿಗೆ ಕೂತಿದ್ದಾಗ ಅಪ್ಪ ಒಂದು ಪ್ರಶ್ನೆ ಕೇಳಿದರು. ಅವರು ಮೂವತ್ತು ವರ್ಷ ತಾಂಡೇಲರಾಗಿ ಬೋಟು ನಡೆಸಿದವರು. "ಲಂಡನ್ ಹೊಳೆಯಲ್ಲಿ ಬೋಟು ಮೆರವಣಿಗೆ ಮಾಡಿದ್ರಲ್ಲ, ಅವರ ಕಡಲು ಕಡೆಗೂ ಅವರಿಗೆ ಸಿಕ್ಕಿತಾ?"

2016ರ ಜೂನ್‌ನಲ್ಲಿ, ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಡಬೇಕಾ ಅನ್ನುವ ಮತದಾನಕ್ಕೆ ಒಂದು ವಾರ ಇರುವಾಗ, ಥೇಮ್ಸ್ ನದಿಯಲ್ಲಿ ಮೀನಿನ ಬೋಟುಗಳು ಬಾವುಟ ಕಟ್ಟಿಕೊಂಡು ಹೋದದ್ದನ್ನು ನಾವಿಬ್ಬರೂ ಟಿವಿಯಲ್ಲಿ ನೋಡಿದ್ದೆವು. ನಮ್ಮ ಕಡಲಿಗೆ ಹೊರಗಿನವರು ಯಾಕೆ ಬರಬೇಕು ಅನ್ನುವ ಸಿಟ್ಟು ಯಾವ ಬಂದರಿನಲ್ಲೂ ಒಂದೇ ಅಲ್ವಾ? ಅಪ್ಪನಿಗೆ ಅವರು ನಮ್ಮವರೇ ಅನ್ನಿಸಿಬಿಟ್ಟಿತ್ತು.

ಆದರೆ 2025ರ ಮೇ ತಿಂಗಳಲ್ಲಿ ಯುರೋಪಿನ ಬೋಟುಗಳಿಗೆ ಬ್ರಿಟನ್ ಕಡಲಿನಲ್ಲಿ ಮೀನು ಹಿಡಿಯಲು ಇನ್ನೂ 12 ವರ್ಷ ಅವಕಾಶ ಕೊಟ್ಟರು ಅಂತ ಓದಿದೆ. ಒಕ್ಕೂಟ ಬಿಟ್ಟು ಬಂದಮೇಲೂ ಹೀಗ್ಯಾಕೆ? ಅಲ್ಲಿರುವವರು ಯಾರಾದರೂ ಬಿಡಿಸಿ ಹೇಳಿ. ಅಪ್ಪನಿಗೆ ಓದಿ ಹೇಳಬೇಕು.

ಅಬರ್ಡೀನ್ ಕನ್ನಡಿಗ (ಬೆಳಿಗ್ಗೆ 11:15)

ನಿಮ್ಮ ಅಪ್ಪನ ಪ್ರಶ್ನೆ ಸರಿಯಾದದ್ದೇ. ನಾನು ಸ್ಕಾಟ್ಲೆಂಡ್‌ನ ಈಶಾನ್ಯ ಕರಾವಳಿಯಲ್ಲಿ, ಮೀನು ರಫ್ತು ಮಾಡುವ ಒಂದು ಸಣ್ಣ ಕಂಪನಿಯ ಕಾಗದಪತ್ರ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಪೀಟರ್‌ಹೆಡ್ ಬಂದರು ಇಲ್ಲಿಂದ ಒಂದು ಗಂಟೆ ದಾರಿ. ಮೊದಲು ಸಿಟ್ಟು ಎಲ್ಲಿಂದ ಬಂತು ಅಂತ ಹೇಳುತ್ತೇನೆ.

ಬ್ರಿಟನ್ 1973ರ ಜನವರಿ 1ರಂದು ಆಗಿನ ಯುರೋಪಿಯನ್ ಸಮುದಾಯಕ್ಕೆ ಸೇರಿತು. ಅದಕ್ಕಿಂತ ಸ್ವಲ್ಪ ಮುಂಚೆ, 1970ರಲ್ಲಿ, ಆಗ ಒಳಗಿದ್ದ ಆರು ದೇಶಗಳು ಒಂದು ನಿಯಮ ಮಾಡಿಕೊಂಡವು. ಎಲ್ಲರ ಕಡಲೂ ಎಲ್ಲರ ಬೋಟಿಗೂ ತೆರೆದಿರಬೇಕು ಅಂತ. ಹೊಸದಾಗಿ ಸೇರುವವರು ಅದನ್ನು ಒಪ್ಪಿಕೊಂಡೇ ಒಳಗೆ ಬರಬೇಕಿತ್ತು. ಇಲ್ಲಿನ ಹಳೆ ಮೀನುಗಾರರು ಇವತ್ತಿಗೂ ಆ ವರ್ಷವನ್ನು ಮರೆತಿಲ್ಲ. ನಮ್ಮನ್ನು ಮಾರಿಬಿಟ್ಟರು ಅಂತಲೇ ಹೇಳುತ್ತಾರೆ.

ಅದೇ ಕಾಲಕ್ಕೆ ಇನ್ನೊಂದು ಹೊಡೆತ ಬಿತ್ತು. ಹಲ್, ಗ್ರಿಮ್ಸ್‌ಬಿ ಬಂದರುಗಳ ದೊಡ್ಡ ಟ್ರಾಲರ್‌ಗಳು ಐಸ್‌ಲೆಂಡ್ ತನಕ ಹೋಗಿ ಕಾಡ್ ಮೀನು ತರುತ್ತಿದ್ದವು. ಐಸ್‌ಲೆಂಡ್ ತನ್ನವರು ಮಾತ್ರ ಮೀನು ಹಿಡಿಯಬಹುದಾದ ಕಡಲಿನ ಗೆರೆಯನ್ನು 1958ರಲ್ಲಿ 12 ನಾಟಿಕಲ್ ಮೈಲಿಗೆ, 1972ರಲ್ಲಿ 50ಕ್ಕೆ, 1975ರಲ್ಲಿ 200ಕ್ಕೆ ಎಳೆಯಿತು. ಬಲೆಗಳನ್ನು ಕತ್ತರಿಸಿದರು, ಹಡಗು ಹಡಗಿಗೆ ಡಿಕ್ಕಿ ಹೊಡೆದವು. 1976ರಲ್ಲಿ ಬ್ರಿಟನ್ ಸೋತು ವಾಪಸ್ ಬಂತು. ಅಂದರೆ ದೂರದ ಕಡಲು ಹೋಯಿತು, ಹತ್ತಿರದ ಕಡಲನ್ನು ಹಂಚಿಕೊಳ್ಳಬೇಕಾಯಿತು. ಎರಡೂ ಒಟ್ಟಿಗೆ ಆದದ್ದರಿಂದ ಜನರ ಮನಸ್ಸಿನಲ್ಲಿ ಅದು ಒಂದೇ ಗಾಯವಾಗಿ ಉಳಿದಿದೆ.

ಆಮೇಲೆ 1983ರಲ್ಲಿ ಕೋಟಾ ಪದ್ಧತಿ ಬಂತು. 1973ರಿಂದ 1978ರ ತನಕ ಯಾವ ದೇಶ ಎಲ್ಲಿ ಎಷ್ಟು ಹಿಡಿದಿತ್ತು ಅಂತ ನೋಡಿ ಪಾಲು ಹಾಕಿದರು. ಆ ವರ್ಷಗಳಲ್ಲಿ ಬ್ರಿಟನ್ನಿನ ದೊಡ್ಡ ಬೋಟುಗಳು ಇದ್ದದ್ದು ಐಸ್‌ಲೆಂಡ್ ಕಡೆ! ಹಾಗಾಗಿ ಮನೆ ಮುಂದಿನ ಕಡಲಿನಲ್ಲಿ ಪಾಲು ಕಡಿಮೆಯಾಯಿತು. ಇಂಗ್ಲಿಷ್ ಕಾಲುವೆಯ ಕಾಡ್ ಮೀನಿನಲ್ಲಿ ಫ್ರಾನ್ಸಿಗೆ ನೂರಕ್ಕೆ 84, ಬ್ರಿಟನ್ನಿಗೆ 9. ಥೇಮ್ಸ್‌ನಲ್ಲಿ ಹೋದ ಬೋಟುಗಳ ಹಿಂದೆ ಇದ್ದದ್ದು ಈ ಲೆಕ್ಕ.

ತೀರ್ಥಹಳ್ಳಿ ಓದುಗ (ಬೆಳಿಗ್ಗೆ 11:50)

ನಾನು ಮಲೆನಾಡಿನವನು, ಕಡಲಿನ ವಿಷಯ ಗೊತ್ತಿಲ್ಲ. ಕೋಟಾ ಅಂದರೆ ರೇಷನ್ ತರಾನಾ?

ಅಬರ್ಡೀನ್ ಕನ್ನಡಿಗ (ಮಧ್ಯಾಹ್ನ 12:10)

ಹೆಚ್ಚುಕಡಿಮೆ ಹಾಗೇ ಸರ್. ಈ ವರ್ಷ ಈ ಭಾಗದ ಕಡಲಿನಿಂದ ಈ ಜಾತಿಯ ಮೀನು ಇಷ್ಟು ಟನ್ ಮಾತ್ರ ಹಿಡಿಯಬಹುದು ಅಂತ ವಿಜ್ಞಾನಿಗಳ ಸಲಹೆ ಕೇಳಿ ಮೊದಲು ಒಟ್ಟು ಲೆಕ್ಕ ಹಾಕುತ್ತಾರೆ. ಅದನ್ನು ದೇಶಗಳಿಗೆ ಹಂಚುತ್ತಾರೆ. ದೇಶ ತನ್ನ ಬೋಟುಗಳಿಗೆ ಹಂಚುತ್ತದೆ. ಕೊನೆಯ ಹಂಚಿಕೆ ಬಗ್ಗೆ ಆಮೇಲೆ ಬರೆಯುತ್ತೇನೆ, ಅದು ಮುಖ್ಯ.

ಮಲ್ಪೆ ದಕ್ಕೆ (ಮಧ್ಯಾಹ್ನ 12:30)

ನಮ್ಮಲ್ಲಿ ಕೋಟಾ ಇಲ್ಲ. ರಜೆ ಇದೆ, ಬಲೆಯ ಕಣ್ಣಿನ ಅಳತೆ ಇದೆ, ಅಷ್ಟೇ. ಹೊರಗೆ ಬಂದಮೇಲೆ ಪಾಲು ಬದಲಾಯಿತಾ ಅಣ್ಣ?

ಅಬರ್ಡೀನ್ ಕನ್ನಡಿಗ (ಮಧ್ಯಾಹ್ನ 2:05)

ಬದಲಾಯಿತು, ಆದರೆ ಕೇಳಿದಷ್ಟು ಅಲ್ಲ. ಒಪ್ಪಂದ ಆದದ್ದು 2020ರ ಡಿಸೆಂಬರ್ 24ರಂದು. ಕೊನೆಯ ದಿನದವರೆಗೂ ಜಗ್ಗಾಡಿದ್ದು ಮೀನಿನ ಮೇಲೆಯೇ. ಬ್ರಿಟನ್ ಕಡಲಿನಲ್ಲಿ ಯುರೋಪಿನವರು ಹಿಡಿಯುತ್ತಿದ್ದ ಮೀನಿನ ಬೆಲೆಯಲ್ಲಿ ನೂರಕ್ಕೆ 25 ಭಾಗ ಬ್ರಿಟನ್ನಿಗೆ ಬರಬೇಕು, ಅದೂ ಹಂತ ಹಂತವಾಗಿ ಐದೂವರೆ ವರ್ಷದಲ್ಲಿ ಅಂತ ಆಯಿತು. ಅಲ್ಲಿಯ ತನಕ, ಅಂದರೆ 2026ರ ಜೂನ್ 30ರ ತನಕ, ಅವರ ಬೋಟುಗಳು ಮೊದಲಿನಂತೆ ಬರಬಹುದು. ದಕ್ಷಿಣದ ಕೆಲವು ಭಾಗಗಳಲ್ಲಿ ದಡದಿಂದ 6ರಿಂದ 12 ಮೈಲಿ ನಡುವೆಯೂ, ಹಿಂದಿನಿಂದ ಅಲ್ಲಿ ಹಿಡಿಯುತ್ತಿದ್ದವರು ಬರಬಹುದು. ಸಣ್ಣ ಬೋಟಿನವರಿಗೆ ಎಲ್ಲಕ್ಕಿಂತ ಜಾಸ್ತಿ ನೋವಾದದ್ದು ಇದರಿಂದ. 12 ಮೈಲಿ ಪೂರ್ತಿ ನಮ್ಮದೇ ಆಗುತ್ತದೆ ಅಂತ ಅವರು ನಂಬಿದ್ದರು.

ಈಗ ಮಾರುಕಟ್ಟೆಯ ಮಾತು. ಬ್ರಿಟನ್ನಿನವರು ತಾವು ಹಿಡಿದ ಮೀನನ್ನು ಹೆಚ್ಚಾಗಿ ತಿನ್ನುವುದಿಲ್ಲ. ತಿನ್ನುವ ಮೀನನ್ನು ಹೆಚ್ಚಾಗಿ ಹಿಡಿಯುವುದಿಲ್ಲ. ಮನೆಗಳಲ್ಲಿ, ಚಿಪ್ಸ್ ಅಂಗಡಿಗಳಲ್ಲಿ ಓಡುವುದು ಕಾಡ್, ಹ್ಯಾಡಕ್, ಸಾಲ್ಮನ್, ಟ್ಯೂನಾ, ಸಿಗಡಿ. ಇದರಲ್ಲಿ ಕಾಡ್ ಬಹುಪಾಲು ಐಸ್‌ಲೆಂಡ್, ನಾರ್ವೆ ಕಡೆಯಿಂದ ಬರುತ್ತದೆ. ಇಲ್ಲಿನ ಬೋಟು ಹಿಡಿಯುವ ಮ್ಯಾಕೆರಲ್, ಹೆರಿಂಗ್, ಏಡಿ, ಲ್ಯಾಂಗೂಸ್ಟೀನ್ ಸಿಗಡಿ, ಸ್ಕ್ಯಾಲಪ್ ಚಿಪ್ಪು ಇದೆಲ್ಲ ಹೊರಗೆ ಹೋಗಬೇಕು. ಬೆಲೆ ಕೊಡುವವರು ಫ್ರಾನ್ಸ್, ಸ್ಪೇನ್‌ನವರು. ಮ್ಯಾಕೆರಲ್ ಅಂದರೆ ನಮ್ಮ ಬಂಗುಡೆಯ ಸಂಬಂಧಿ, ಹೆರಿಂಗ್ ನಮ್ಮ ಬೂತಾಯಿಯ ಸಂಬಂಧಿ.

ಒಪ್ಪಂದ ಜಾರಿಗೆ ಬಂದ 2021ರ ಜನವರಿಯನ್ನು ನಾನು ಮರೆಯುವುದಿಲ್ಲ. ಅದಕ್ಕೆ ಮುಂಚೆ ಸಂಜೆ ಲಾರಿಗೆ ತುಂಬಿದ ಸಿಗಡಿ ಮರುದಿನ ಫ್ರಾನ್ಸಿನ ಬೂಲೋನ್ ಮಾರುಕಟ್ಟೆಯಲ್ಲಿ ಇರುತ್ತಿತ್ತು. ಉಡುಪಿಯಿಂದ ಬೆಂಗಳೂರಿಗೆ ಮೀನು ಹೋದಷ್ಟೇ ಸಲೀಸು. ಹೊಸ ವರ್ಷದ ಮರುದಿನದಿಂದ ಪ್ರತಿ ಲೋಡಿಗೂ ಪಶುವೈದ್ಯರು ಸಹಿ ಹಾಕಿದ ಆರೋಗ್ಯ ಪತ್ರ ಬೇಕು, ಎಲ್ಲಿ ಯಾವ ಬೋಟು ಹಿಡಿದದ್ದು ಅನ್ನುವ ಪತ್ರ ಬೇಕು, ಕಸ್ಟಮ್ಸ್ ಪತ್ರ ಬೇಕು. ಸುಂಕ ಸೊನ್ನೆ. ಆದರೆ ಮೀನು ಸುಂಕದಿಂದ ಕೊಳೆಯುವುದಿಲ್ಲ, ಕಾಯುವುದರಿಂದ ಕೊಳೆಯುತ್ತದೆ.

ಸಣ್ಣ ಕಂಪನಿಗಳು ಒಂದೇ ಲಾರಿಯಲ್ಲಿ ಹತ್ತು ಜನರ ಮಾಲು ಕಳಿಸುತ್ತವೆ. ಒಬ್ಬರ ಪತ್ರದಲ್ಲಿ ಒಂದು ಅಂಕೆ ತಪ್ಪಿದರೆ ಹತ್ತೂ ಜನರ ಮಾಲು ನಿಲ್ಲುತ್ತದೆ. ಆ ವಾರ ನಮ್ಮ ಎರಡು ಲೋಡು ಮೂರು ದಿನ ನಿಂತಿತ್ತು. ಕೊಂಡುಕೊಳ್ಳುವವರು ಫೋನ್ ಮಾಡಿ ಬೇಡ ಅಂದರು. ಯಜಮಾನರು ಆ ರಾತ್ರಿ ಆಫೀಸಿನಲ್ಲೇ ಕೂತಿದ್ದರು. ನಾನೂ ಮನೆಗೆ ಹೋಗಲಿಲ್ಲ. ಜನವರಿ 18ರಂದು ಸ್ಕಾಟ್ಲೆಂಡಿನ ಮೀನಿನ ಲಾರಿಗಳು ಲಂಡನ್‌ಗೆ ಹೋಗಿ ಸಂಸತ್ತಿನ ಹತ್ತಿರ ನಿಂತವು. ಇಲ್ಲಿ ಹರಾಜಿನಲ್ಲಿ ಬೆಲೆ ಬಿದ್ದುಹೋಯಿತು ಅಂತ ಕೆಲವು ಬೋಟುಗಳು ಹಿಡಿದ ಮೀನನ್ನು ನೇರವಾಗಿ ಡೆನ್ಮಾರ್ಕಿಗೆ ಒಯ್ದವು. ಹೋಗಿ ಬರಲು 72 ಗಂಟೆ. ತಮ್ಮದೇ ಕಡಲಿನ ಮೀನನ್ನು ತಮ್ಮ ಬಂದರಿಗೆ ತರಲಾಗದ ಸ್ಥಿತಿ ಬಂತು.

ಕುಮಟಾ ಕಡಲು (ಮಧ್ಯಾಹ್ನ 3:20)

ನಾನು ಅಘನಾಶಿನಿ ದಂಡೆಯವಳು. ನಮ್ಮಲ್ಲಿ ಇಳಿತದ ಹೊತ್ತಿಗೆ ಹೊಳೆಗೆ ಇಳಿದು ಬಳಚು ಚಿಪ್ಪು ತೆಗೆಯುವುದು ನೂರಾರು ಮನೆಗಳಿಗೆ ಆಧಾರ. ಅಲ್ಲಿ ಚಿಪ್ಪಿನ ವ್ಯಾಪಾರ ಏನಾಯಿತು ಅಂತ ಗೊತ್ತಿದ್ದರೆ ಹೇಳಿ.

ಅಬರ್ಡೀನ್ ಕನ್ನಡಿಗ (ಮಧ್ಯಾಹ್ನ 3:55)

ಅಕ್ಕಾ, ಎಲ್ಲರಿಗಿಂತ ಜಾಸ್ತಿ ಕಳೆದುಕೊಂಡವರು ಅವರೇ ಅಂತ ನನಗನ್ನಿಸುತ್ತದೆ. ಚಿಪ್ಪು ಬೆಳೆಯುವ ನೀರನ್ನು ಶುದ್ಧತೆ ನೋಡಿ ಎ, ಬಿ, ಸಿ ಅಂತ ವಿಂಗಡಿಸುತ್ತಾರೆ. ವೇಲ್ಸ್‌ನಲ್ಲಿ, ಇಂಗ್ಲೆಂಡಿನ ನೈರುತ್ಯ ಕರಾವಳಿಯಲ್ಲಿ ಬಹುಪಾಲು ನೀರು ಬಿ ದರ್ಜೆ. ಅಂಥ ನೀರಿನ ನೀಲಿಕಲ್ಲು, ಆಯ್‌ಸ್ಟರ್ ಚಿಪ್ಪುಗಳನ್ನು ಮೊದಲು ಜೀವಂತವಾಗಿಯೇ ಫ್ರಾನ್ಸ್, ಹಾಲೆಂಡಿಗೆ ಕಳಿಸುತ್ತಿದ್ದರು. ಅಲ್ಲಿನವರು ಶುದ್ಧ ನೀರಿನ ತೊಟ್ಟಿಯಲ್ಲಿ ಇಟ್ಟು ಆಮೇಲೆ ಮಾರುತ್ತಿದ್ದರು. ಒಕ್ಕೂಟದ ಹೊರಗಿನ ದೇಶದಿಂದ ಹಾಗೆ ತರುವಂತಿಲ್ಲ ಅನ್ನುವುದು ಹಳೆಯ ನಿಯಮ. ಬ್ರಿಟನ್ ಹೊರಗಿನ ದೇಶ ಆದ ದಿನವೇ ಅದು ಇವರಿಗೂ ಹತ್ತಿತು. ಇಲ್ಲೇ ತೊಟ್ಟಿ ಕಟ್ಟಿಸಬಹುದಿತ್ತು, ಆದರೆ ಅದಕ್ಕೆ ದುಡ್ಡು ಬೇಕು. ತೊಟ್ಟಿಯಲ್ಲಿ ಇಟ್ಟು ಮತ್ತೆ ದೂರ ಕಳಿಸಿದರೆ ಚಿಪ್ಪು ತಡೆದುಕೊಳ್ಳುವುದೂ ಇಲ್ಲ. ತಲೆಮಾರಿನಿಂದ ನಡೆಸಿದ ಕೆಲಸವನ್ನು ಕೆಲವರು ಅಲ್ಲಿಗೇ ನಿಲ್ಲಿಸಿದರು.

ಕುಮಟಾ ಕಡಲು (ಸಂಜೆ 4:10)

ಓದಿ ಹೊಟ್ಟೆಯಲ್ಲಿ ಸಂಕಟ ಆಯಿತು. ಅವರು ಯಾವ ಗೆರೆಗೂ ಜಗಳ ಮಾಡಿದವರಲ್ಲ. ದಂಡೆಯಲ್ಲೇ ಇದ್ದವರು.

ಕಾನೂನು ಓದಿದವ (ಸಂಜೆ 5:30)

ಒಂದು ಮಾತು ಸೇರಿಸಬೇಕು. ನೀವೆಲ್ಲ ವ್ಯಾಪಾರದ ನಷ್ಟವನ್ನೇ ಹೇಳುತ್ತಿದ್ದೀರಿ. ಕಡಲಿನ ಮೇಲಿನ ಹಕ್ಕು ಅಂದರೆ ಬರೀ ಟನ್ ಲೆಕ್ಕ ಅಲ್ಲ. ಉತ್ತರ ಸಮುದ್ರದಲ್ಲಿ ಸ್ಯಾಂಡ್ ಈಲ್ ಅನ್ನುವ ಬೆರಳುದ್ದದ ಮೀನಿದೆ. ಜನ ತಿನ್ನುವುದಿಲ್ಲ. ಡೆನ್ಮಾರ್ಕಿನ ಬೋಟುಗಳು ಅದನ್ನು ಹಿಡಿದು ಮೀನು ಹಿಟ್ಟು, ಎಣ್ಣೆ ಮಾಡಲು ಒಯ್ಯುತ್ತಿದ್ದವು. ನಮ್ಮಲ್ಲಿ ಬೂತಾಯಿ, ಮರಿ ಮೀನು ಫಿಶ್‌ಮೀಲ್ ಕಾರ್ಖಾನೆಗೆ ಹೋಗುವ ಹಾಗೆ. ಪಫಿನ್, ಕಿಟ್ಟಿವೇಕ್ ಮೊದಲಾದ ಕಡಲ ಹಕ್ಕಿಗಳು ಮರಿಗಳಿಗೆ ಕೊಡುವುದು ಇದೇ ಮೀನನ್ನು. 2024ರಲ್ಲಿ ಬ್ರಿಟನ್ ಉತ್ತರ ಸಮುದ್ರದ ಇಂಗ್ಲೆಂಡ್ ಭಾಗದಲ್ಲೂ, ಸ್ಕಾಟ್ಲೆಂಡಿನ ಕಡಲಿನಲ್ಲೂ ಇದನ್ನು ಹಿಡಿಯುವುದನ್ನೇ ನಿಲ್ಲಿಸಿತು.

ಒಕ್ಕೂಟ ಇದನ್ನು ಹೇಗ್ ನಗರದ ಪಂಚಾಯಿತಿ ನ್ಯಾಯಾಲಯಕ್ಕೆ ಒಯ್ಯಿತು. 2025ರ ಮೇ ತಿಂಗಳಲ್ಲಿ ತೀರ್ಪು ಬಂತು. ಸ್ಕಾಟ್ಲೆಂಡಿನ ನಿಷೇಧ ಸರಿ ಎಂದಿತು. ಇಂಗ್ಲೆಂಡ್ ಭಾಗದ ನಿರ್ಧಾರದಲ್ಲಿ, ಯುರೋಪಿನವರಿಗಿದ್ದ ಹಕ್ಕನ್ನು ಸರಿಯಾಗಿ ತೂಗಿ ನೋಡಿಲ್ಲ ಎಂದಿತು. ಆದರೆ ವಿಜ್ಞಾನದ ಆಧಾರ ಗಟ್ಟಿಯಾಗಿದೆ ಅಂತ ಒಪ್ಪಿತು. ಒಕ್ಕೂಟದ ಒಳಗಿದ್ದರೆ ಬ್ರಿಟನ್ ಒಂದೇ ಇಂಥ ದೊಡ್ಡ ನಿಷೇಧ ಹಾಕುವುದು ಬಹಳ ಕಷ್ಟವಿತ್ತು. ಇದನ್ನು ಲಾಭದ ಕಡೆ ಬರೆದುಕೊಳ್ಳಬೇಕು.

ಅಬರ್ಡೀನ್ ಕನ್ನಡಿಗ (ಸಂಜೆ 5:50)

ಒಪ್ಪಿದೆ ಸರ್. ನನ್ನ ಮಗಳು ಬೇಸಿಗೆಯಲ್ಲಿ ಪಫಿನ್ ನೋಡಲು ಕಾಯುತ್ತಿರುತ್ತಾಳೆ. ಇದು ನಿಜವಾದ ಗಳಿಕೆ.

ಡೊನೆಗಾಲ್ ಕನ್ನಡತಿ (ಸಂಜೆ 6:40)

ಗೆರೆಯ ಈ ಕಡೆಯಿಂದಲೂ ಸ್ವಲ್ಪ ಕೇಳಿ. ನಾನು ಐರ್ಲೆಂಡಿನ ವಾಯವ್ಯ ಕರಾವಳಿಯಲ್ಲಿದ್ದೇನೆ, ನರ್ಸ್ ಕೆಲಸ. ಕಿಲಿಬೆಗ್ಸ್ ಬಂದರು ಇಲ್ಲೇ ಹತ್ತಿರ. ನಮ್ಮ ವಾರ್ಡಿಗೆ ಬರುವ ಹಿರಿಯರಲ್ಲಿ ಅರ್ಧ ಜನ ಬೋಟಿನವರು ಅಥವಾ ಮೀನು ಕಾರ್ಖಾನೆಯಲ್ಲಿ ದುಡಿದವರು.

ಐರ್ಲೆಂಡ್ ಏನೂ ಬಿಟ್ಟು ಹೋಗಲಿಲ್ಲ, ಯಾರ ಮೇಲೂ ಮತ ಹಾಕಲಿಲ್ಲ. ಆದರೂ ಬ್ರಿಟನ್ನಿಗೆ ಹೋದ ಆ 25 ಭಾಗದಲ್ಲಿ ಇವರ ಪಾಲು ದೊಡ್ಡದು. ಇಲ್ಲಿನ ದೊಡ್ಡ ಆದಾಯ ಮ್ಯಾಕೆರಲ್. ಚಳಿಗಾಲದಲ್ಲಿ ಅದು ಸಿಗುವುದು ಸ್ಕಾಟ್ಲೆಂಡಿನ ಪಶ್ಚಿಮದ ಕಡಲಿನಲ್ಲಿ. ಕೋಟಾ ಕಡಿಮೆಯಾದಂತೆ ಕಾರ್ಖಾನೆಗಳಲ್ಲಿ ಕೆಲಸದ ವಾರಗಳು ಕಡಿಮೆಯಾದವು. ಸರಕಾರ ದುಡ್ಡು ಕೊಟ್ಟು ಬಿಳಿ ಮೀನು (ಕಾಡ್, ಹ್ಯಾಡಕ್ ತರದ್ದು) ಹಿಡಿಯುವ ಬೋಟುಗಳನ್ನು ಒಡೆಸಿತು. ಒಬ್ಬ ಅಜ್ಜ ತನ್ನ ಬೋಟು ಒಡೆಯುವುದನ್ನು ನೋಡಲು ಹೋಗಲಿಲ್ಲವಂತೆ. ಅವರ ಮಗ ಫೋಟೋ ತೆಗೆದುಕೊಂಡು ಬಂದನಂತೆ, ಅದನ್ನೂ ಅವರು ನೋಡಿಲ್ಲ. ಬಿಪಿ ನೋಡುವಾಗ ನನ್ನ ಹತ್ತಿರ ಹೇಳಿಕೊಂಡರು.

ಮಲ್ಪೆ ದಕ್ಕೆ (ಸಂಜೆ 7:15)

ಅಕ್ಕಾ, ಇದನ್ನು ಅಪ್ಪನಿಗೆ ಓದಿದೆ. ಅವರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಮಹಾರಾಷ್ಟ್ರದ ಸಿಂಧುದುರ್ಗ ಕರಾವಳಿಯ ಕತೆ ತೆಗೆದರು.

ನಮ್ಮ ಬೋಟುಗಳು ಉತ್ತರಕ್ಕೆ ಗೋವಾ ದಾಟಿ ಮಹಾರಾಷ್ಟ್ರದ ತನಕ ಹೋಗುತ್ತವೆ. ದಡದಿಂದ 12 ಮೈಲಿ ತನಕ ಆಯಾ ರಾಜ್ಯದ ಕಾನೂನು. ಅದರಾಚೆ ಕೇಂದ್ರದ್ದು. ಆದರೆ ಮೀನಿನ ಹಿಂದೆ ಹೋಗುವಾಗ ಗೆರೆ ದಾಟಿದ್ದು ಗೊತ್ತಾಗದೆ ಇರುವುದಿಲ್ಲ, ಗೊತ್ತಾಗಿಯೂ ಹೋಗಿದ್ದೇವೆ ಅಂತ ಅಪ್ಪ ಒಪ್ಪಿಕೊಂಡರು. ಮಾಲ್ವಣ್ ಕಡೆಯ ಸಣ್ಣ ದೋಣಿಯವರು ನಮ್ಮನ್ನು ಕಂಡು ಕೂಗಾಡಿದ್ದನ್ನು ಅವರು ಕಂಡಿದ್ದಾರೆ. "ಅವರಿಗೆ ನಾವೇ ಆ ಡೆನ್ಮಾರ್ಕಿನವರು, ಹಾಲೆಂಡಿನವರು" ಅಂದರು. ಅಪ್ಪನ ಬಾಯಲ್ಲಿ ಈ ಮಾತು ನಾನು ಮೊದಲ ಸಲ ಕೇಳಿದ್ದು.

ನಮ್ಮ ನಾಡದೋಣಿಯವರೂ ಟ್ರಾಲ್ ಬೋಟಿನವರನ್ನು ಇದೇ ಮಾತಲ್ಲಿ ಬೈಯುತ್ತಾರೆ. ಎರಡು ಬೋಟು ಸೇರಿ ಒಂದು ಬಲೆ ಎಳೆಯುವ ಬುಲ್ ಟ್ರಾಲ್, ದೀಪ ಹಾಕಿ ಮೀನು ಸೆಳೆಯುವ ಲೈಟ್ ಫಿಶಿಂಗ್ ಜಗಳ ಮುಗಿದಿಲ್ಲ. ಹೊರಗಿನವರು ಅಂದರೆ ಯಾರು ಅನ್ನುವುದು ನಾವು ಎಲ್ಲಿ ನಿಂತಿದ್ದೇವೆ ಅನ್ನುವುದರ ಮೇಲಿದೆ.

ಕಾನೂನು ಓದಿದವ (ರಾತ್ರಿ 8:20)

ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಇನ್ನೆರಡು ಉದಾಹರಣೆ. ಮೀನಿಗಾಗಿಯೇ ಒಕ್ಕೂಟ ಬಿಟ್ಟ ಮೊದಲ ನಾಡು ಬ್ರಿಟನ್ ಅಲ್ಲ, ಗ್ರೀನ್‌ಲೆಂಡ್. ಡೆನ್ಮಾರ್ಕಿನ ಜೊತೆ ತಾನೂ 1973ರಲ್ಲಿ ಒಳಗೆ ಬಂದಿತ್ತು. 1979ರಲ್ಲಿ ಸ್ವಂತ ಆಡಳಿತ ಸಿಕ್ಕಿತು, 1982ರಲ್ಲಿ ಮತ ಹಾಕಿದರು, 1985ರ ಫೆಬ್ರವರಿ 1ರಂದು ಹೊರಬಂದರು. ಆಮೇಲೆ ಯುರೋಪಿನ ಬೋಟುಗಳಿಗೆ ಅವಕಾಶ ಕೊಟ್ಟು ಅದಕ್ಕೆ ವರ್ಷ ವರ್ಷ ಹಣ ಪಡೆಯುವ ಒಪ್ಪಂದ ಮಾಡಿಕೊಂಡರು. ತಮ್ಮ ಮೀನಿಗೆ ಸುಂಕವಿಲ್ಲದ ಮಾರುಕಟ್ಟೆಯನ್ನೂ ಉಳಿಸಿಕೊಂಡರು.

ನಾರ್ವೆ 1972ರಲ್ಲೂ 1994ರಲ್ಲೂ ಸೇರುವುದಿಲ್ಲ ಅಂತ ಮತ ಹಾಕಿತು. ಮೀನು ಅದಕ್ಕೆ ದೊಡ್ಡ ಕಾರಣ. ಕಡಲು ಅವರದೇ. ಆದರೆ ಯುರೋಪಿಯನ್ ಆರ್ಥಿಕ ವಲಯದೊಳಗೆ ಇರುವುದರಿಂದ ಆಹಾರದ ಶುದ್ಧತೆಯ ನಿಯಮಗಳು ಎರಡೂ ಕಡೆ ಒಂದೇ. ಅವರ ಸಾಲ್ಮನ್ ಲಾರಿ ಪಶುವೈದ್ಯರ ಸಹಿಗೆ ಗಡಿಯಲ್ಲಿ ಕಾಯುವುದಿಲ್ಲ. ಕೆಲವು ಮಾಲಿಗೆ ಸುಂಕ ಕಟ್ಟುತ್ತಾರೆ, ನಿಯಮ ಮಾಡುವಾಗ ಮತ ಹಾಕುವ ಹಕ್ಕು ಇಲ್ಲ. ಬ್ರಿಟನ್ ಇದರ ತದ್ವಿರುದ್ಧ ದಾರಿ ಹಿಡಿಯಿತು. ಸುಂಕ ಬೇಡ ಅಂತ ಹಟ ಮಾಡಿ ಗೆದ್ದಿತು, ನಿಯಮ ಒಂದೇ ಇರುವುದು ಬೇಡ ಎಂದಿತು. ತಾಜಾ ಮೀನಿಗೆ ಬೇಕಾಗಿದ್ದದ್ದು ಎರಡನೆಯದು.

ಅಬರ್ಡೀನ್ ಕನ್ನಡಿಗ (ರಾತ್ರಿ 9:30)

ಸರ್ ಹೇಳಿದ ಕೊನೆ ಮಾತೇ 2025ರ ಮೇ 19ರ ಒಪ್ಪಂದದ ಬೀಗದ ಕೈ. ಆಹಾರದ ನಿಯಮಗಳನ್ನು ಮತ್ತೆ ಒಂದೇ ಮಾಡಿಕೊಳ್ಳುವ ಮಾತುಕತೆಗೆ ಒಕ್ಕೂಟ ಒಪ್ಪಿತು. ಅದಾದರೆ ಆರೋಗ್ಯ ಪತ್ರದ ಕಾಟ ತಪ್ಪುತ್ತದೆ, ಚಿಪ್ಪಿನವರಿಗೂ ದಾರಿಯಾಗಬಹುದು. ಬ್ರಿಟನ್ ಅದೇ ಮೇಜಿನ ಮೇಲೆ ಕಡಲಿನ ಅವಕಾಶವನ್ನು 2038ರ ಜೂನ್ 30ರ ತನಕ ವಿಸ್ತರಿಸಿತು. 2026ರ ನಂತರ ವರ್ಷ ವರ್ಷ ಕೂತು ಚೌಕಾಸಿ ಮಾಡಬಹುದು ಅಂತ ಬೋಟಿನವರು ದಿನ ಎಣಿಸುತ್ತಿದ್ದರು. ಅದು ಹೋಯಿತು. ಕರಾವಳಿಗೆ ಅಂತ 36 ಕೋಟಿ ಪೌಂಡ್ ನಿಧಿ ಘೋಷಿಸಿದರು. ಸ್ಕಾಟ್ಲೆಂಡಿನ ಮೀನುಗಾರರ ಒಕ್ಕೂಟ ಇದನ್ನು ಬಹಳ ಕಟುವಾಗಿ ಖಂಡಿಸಿತು. ಸಾಲ್ಮನ್ ಸಾಕುವವರು ಸ್ವಾಗತಿಸಿದರು. ನಮ್ಮ ಆಫೀಸಿನಲ್ಲಿ ಎರಡೂ ಅಭಿಪ್ರಾಯ ಇದ್ದವು. ನನ್ನ ಅಭಿಪ್ರಾಯ ಕೇಳಿದರೆ, ಲಾರಿ ಮುಖ್ಯ. ಆದರೆ 12 ವರ್ಷ ಒಂದೇ ಸಲ ಕೊಟ್ಟದ್ದು ಜಾಸ್ತಿಯಾಯಿತು.

ಇನ್ನು ಒಳಗಿನ ಹಂಚಿಕೆ. ನನಗೆ ಎಲ್ಲಕ್ಕಿಂತ ಬೇಸರ ತರುವುದು ಇದು. ಬ್ರಿಟನ್ನಿನ ಬೋಟುಗಳಲ್ಲಿ ಹೆಚ್ಚಿನವು 10 ಮೀಟರಿಗಿಂತ ಚಿಕ್ಕವು. ಕೋಟಾದಲ್ಲಿ ಅವರಿಗೆ ಸಿಗುವುದು ಚೂರುಪಾರು. ದೊಡ್ಡ ಪಾಲು ಕೆಲವೇ ಮನೆತನಗಳ, ಕಂಪನಿಗಳ ಕೈಯಲ್ಲಿದೆ. ಅದರಲ್ಲಿ ಹಾಲೆಂಡ್, ಸ್ಪೇನಿನವರು ಕೊಂಡ ಕಂಪನಿಗಳೂ ಇವೆ. ಬಾವುಟ ಬ್ರಿಟನ್ನಿನದು, ಲಾಭ ಹೊರಗೆ. ಇದನ್ನು ತಡೆಯಲು 1988ರಲ್ಲಿ ಕಾನೂನು ಮಾಡಿದಾಗ ಯುರೋಪಿನ ನ್ಯಾಯಾಲಯ ತಳ್ಳಿಹಾಕಿತ್ತು, ಅದು ನಿಜ. ಆದರೆ ಆ ಪಾಲನ್ನು ಮಾರಿದವರು ಇಲ್ಲಿನವರೇ. ಹೊಸದಾಗಿ ಬಂದ ಕೋಟಾದಲ್ಲೂ ಬಹುಪಾಲು ಹೋದದ್ದು ಮ್ಯಾಕೆರಲ್ ಹಿಡಿಯುವ ದೊಡ್ಡ ಹಡಗುಗಳಿಗೆ. ಥೇಮ್ಸ್ ಮೆರವಣಿಗೆ ನೋಡಿ ಕಣ್ಣೀರು ಹಾಕಿದ ಸಣ್ಣ ಬೋಟಿನವರ ಡೆಕ್ಕಿಗೆ ಬಂದದ್ದು ಬಹಳ ಕಡಿಮೆ.

ಅಷ್ಟೇ ಅಲ್ಲ, ಮ್ಯಾಕೆರಲ್ ಕತೆ ಈಗ ಭಯ ಹುಟ್ಟಿಸುತ್ತಿದೆ. ಬ್ರಿಟನ್, ಒಕ್ಕೂಟ, ನಾರ್ವೆ, ಫ್ಯಾರೋ ದ್ವೀಪ, ಐಸ್‌ಲೆಂಡ್ ಎಲ್ಲರೂ ಒಂದೇ ಮೀನಿನ ಹಿಂಡಿನ ಮೇಲೆ ತಮ್ಮ ತಮ್ಮ ಪಾಲು ಬರೆದುಕೊಂಡರು. ಎಲ್ಲ ಕೂಡಿಸಿದರೆ ವಿಜ್ಞಾನಿಗಳು ಹೇಳಿದ್ದಕ್ಕಿಂತ ಜಾಸ್ತಿ. ವರ್ಷಗಟ್ಟಲೆ ಹೀಗೇ ನಡೆಯಿತು. 2025ರಲ್ಲಿ ವಿಜ್ಞಾನಿಗಳು ಮುಂದಿನ ವರ್ಷಕ್ಕೆ ಭಾರಿ ಕಡಿತ ಹೇಳಿದರು.

ಮಲ್ಪೆ ದಕ್ಕೆ (ರಾತ್ರಿ 9:45)

ಮತ್ಸ್ಯಕ್ಷಾಮ ಅಂದರೆ ಏನು ಅಂತ ನಮಗೆ ಹೇಳಿಕೊಡಬೇಕಾಗಿಲ್ಲ ಅಣ್ಣ. ಬೂತಾಯಿ ಕಾಣೆಯಾದ ವರ್ಷಗಳನ್ನು ನೋಡಿದ್ದೇವೆ.

ರಫ್ತು ಲೆಕ್ಕ (ರಾತ್ರಿ 10:20)

ಮಂಗಳೂರಿನ ಕಡೆಯಿಂದ ಒಂದು ಮಾತು. ಬ್ರಿಟನ್ನಿನವರಿಗೆ 2021ರಲ್ಲಿ ಹೊಸದಾಗಿ ಬಂದ ಆ "ಯಾವ ಬೋಟು ಹಿಡಿದದ್ದು" ಪತ್ರ ನಮಗೆ 2010ರಿಂದಲೇ ಇದೆ. ಯುರೋಪಿಗೆ ಬೊಂಡಾಸ್ (ಸ್ಕ್ವಿಡ್) ಕಳಿಸಲಿ, ಸುರಿಮಿ (ಅರೆದ ಮೀನು) ಕಳಿಸಲಿ, ಎಂಪೆಡಾದಿಂದ, ಅಂದರೆ ಕೇಂದ್ರದ ಸಮುದ್ರ ಉತ್ಪನ್ನ ರಫ್ತು ಪ್ರಾಧಿಕಾರದಿಂದ, ಪತ್ರ ಮಾಡಿಸಬೇಕು. ನಾವು ಫ್ರೀಜ್ ಮಾಡಿ ಕಂಟೇನರ್‌ನಲ್ಲಿ ಕಳಿಸುವುದರಿಂದ ಎರಡು ದಿನ ತಡವಾದರೂ ತಡೆದುಕೊಳ್ಳುತ್ತದೆ. ಜೀವಂತ ಸಿಗಡಿ ಲಾರಿಯಲ್ಲಿ ಕಳಿಸುವವರ ಕಷ್ಟ ನಾನು ಊಹಿಸಬಲ್ಲೆ.

ಬ್ರಿಟನ್ ಹೊರಬಂದದ್ದರಿಂದ ನಮಗೆ ಒಂದು ಬಾಗಿಲು ಬೇರೆಯಾಗಿ ತೆರೆಯಿತು ಅನ್ನುವುದೂ ನಿಜ. 2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು. ಅದರಲ್ಲಿ ನಮ್ಮ ಸಿಗಡಿಗೆ ಸುಂಕ ಸೊನ್ನೆಗೆ ಇಳಿಯುತ್ತದೆ. ಒಕ್ಕೂಟದ ಒಳಗಿದ್ದರೆ ಬ್ರಿಟನ್ ಒಂದೇ ಇಂಥ ಸಹಿ ಹಾಕುವಂತಿರಲಿಲ್ಲ. ಆಂಧ್ರದವರಿಗೆ ಇದರಿಂದ ಹೆಚ್ಚು ಅನುಕೂಲ, ಸಾಕಿದ ಸಿಗಡಿ ಬಹುಪಾಲು ಅವರದ್ದೇ.

ಮಲ್ಪೆ ದಕ್ಕೆ (ಮರುದಿನ, ಬೆಳಿಗ್ಗೆ 6:50)

ರಾತ್ರಿ ಪೂರ್ತಿ ಓದಿ ಹೇಳಿದೆ. ಎಲ್ಲರಿಗೂ ತುಂಬ ಧನ್ಯವಾದ. ಬೆಳಿಗ್ಗೆ ಚಾ ಕುಡಿಯುವಾಗ ಅಪ್ಪ ಇನ್ನೊಂದು ಕೇಳಿದರು. ಅಬರ್ಡೀನ್ ಅಣ್ಣನಿಗೇ ಕೇಳು ಅಂದರು. ಆ ಲಾರಿ ಈಗ ಎಷ್ಟು ಹೊತ್ತಿಗೆ ಮುಟ್ಟುತ್ತದೆ?

ಅಬರ್ಡೀನ್ ಕನ್ನಡಿಗ (ಬೆಳಿಗ್ಗೆ 11:30)

ಈಗ ಎಲ್ಲ ಸರಿ ಹೋದರೆ ಎರಡನೇ ದಿನ. ನಮಗೆ ಕೆಲಸ ಅಭ್ಯಾಸವಾಗಿದೆ, ತಪ್ಪು ಕಡಿಮೆಯಾಗಿದೆ. ಆದರೆ ಮಧ್ಯಾಹ್ನದೊಳಗೆ ಪತ್ರ ಮುಗಿಯಬೇಕು, ಡಾಕ್ಟರ್ ಸಹಿ ಆಗಬೇಕು. ಹಾಗಾಗಿ ಸಂಜೆ ತಡವಾಗಿ ಬಂದ ಬೋಟಿನ ಮೀನು ಆ ದಿನದ ಲಾರಿಗೆ ಸಿಗುವುದಿಲ್ಲ. ಮೊದಲಾದರೆ ರಾತ್ರಿ ಎಂಟಕ್ಕೆ ಬಂದರೂ ಹತ್ತಿಸುತ್ತಿದ್ದೆವು. ನಮಗೆ ಮೀನು ಕೊಡುತ್ತಿದ್ದ ಒಂದು ತಂದೆ ಮಗನ ಸಣ್ಣ ಬೋಟು ಇತ್ತು. ಅವರು ಬರುವುದು ಯಾವಾಗಲೂ ಕತ್ತಲಾದ ಮೇಲೆ. ಈಗ ಅವರು ಬೇರೆ ಕೆಲಸಕ್ಕೆ ಹೋಗುತ್ತಾರೆ. ಬೋಟು ಇನ್ನೂ ಬಂದರಿನಲ್ಲಿದೆ, ಮಾರಿಲ್ಲ.